ಬೆಸುಗೆಯ ಪಕ್ಕದಲ್ಲಿ

ನಮ್ಮ ಮನೆಯಲ್ಲಿ ಬೆಸುಗೆ ಬೀಳದ ಕಬ್ಬಿಣದ ಸಾಮಾನು ಯಾವುದಾದರೂ ಇದೆಯೇ ಎಂದು ಮೊನ್ನೆ ಹುಡುಕಿ ನೋಡಿದೆ. ಅವ್ವನ ಕಾಲದ ಮಂಚದ ನಾಲ್ಕೂ ಕಾಲುಗಳಲ್ಲಿ ಗಂಟುಗಳಿವೆ. ಗೇಟಿನ ಚಿಲಕ, ಕುರ್ಚಿಯ ಬೆನ್ನು, ನನ್ನ ಸೈಕಲ್ಲಿನ ಸ್ಟ್ಯಾಂಡು, ಕೊನೆಗೆ ರೊಟ್ಟಿ ಹಂಚಿನ ಹಿಡಿಕೆ ಸಹ. ಯಾದಗಿರಿ, ಶಹಾಪುರ, ಸುರಪುರ ಈ ಮೂರೂರಿನ ನಡುವೆ ಹುಟ್ಟಿ ಬೆಳೆದವರಿಗೆ ಇದರಲ್ಲಿ ಸೋಜಿಗವೇನಿಲ್ಲ. ಮುರಿದದ್ದನ್ನು ನಾವು ಎಸೆಯುವುದಿಲ್ಲ, ಹೊಸದನ್ನು ತರುವ ಮಾತೂ ಆಡುವುದಿಲ್ಲ. ಎರಡು ತುಂಡುಗಳನ್ನೂ ಬಗಲಲ್ಲಿ ಹಿಡಿದುಕೊಂಡು ನೆಟ್ಟಗೆ ವೆಲ್ಡಿಂಗ್ ಅಂಗಡಿಗೆ ಹೋಗುತ್ತೇವೆ.

ಈ ನಂಬಿಕೆ ನಮಗೆ ಟ್ರ್ಯಾಕ್ಟರ್ ಟ್ರಾಲಿಗಳಿಂದ ಬಂದದ್ದು. ಹತ್ತಿ ಅಂಡಿಗೆ, ಭತ್ತದ ಚೀಲ ಹೇರಿಕೊಂಡು ಹೊಲದ ದಾರಿಯಲ್ಲಿ ಒದ್ದಾಡುವ ಟ್ರಾಲಿಯ ಚೌಕಟ್ಟು ಎಲ್ಲಿ ಬಿಟ್ಟಿತೋ ಅಲ್ಲೊಂದು ಪಟ್ಟಿ ಇಟ್ಟು ಬೆಸೆದರೆ ಮತ್ತೆ ಎಷ್ಟೋ ಸುಗ್ಗಿ ತಡೆಯುತ್ತದೆ. ಬೆಸೆದ ಜಾಗ ಮೊದಲಿಗಿಂತ ಗಟ್ಟಿಯಾಗುತ್ತದೆ ಎಂಬುದನ್ನು ನಮಗೆ ಯಾರೂ ಕೂರಿಸಿ ಕಲಿಸಲಿಲ್ಲ. ಹಾಲಿನ ಜೊತೆ ಕುಡಿದು ಬಂದೆವು.

ನಾನೂ ನನ್ನ ತಮ್ಮ ಭೀಮೂನೂ ಕುಡಿದದ್ದು ನಾರಾಯಣಪುರದಲ್ಲಿ. ಅಪ್ಪ ಅಲ್ಲಿ ಅಣೆಕಟ್ಟಿನ ಗೇಟುಗಳ ಕೆಲಸದಲ್ಲಿ ಖಲಾಸಿ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಗೇಟುಗಳ ರಿಪೇರಿ ನಡೆಯುತ್ತಿತ್ತು. ಬೆಸುಗೆಯ ನೀಲಿ ಬೆಂಕಿ ನೋಡಬೇಡಿರೆಂದು ಅಪ್ಪ ಹೇಳಿದಷ್ಟೂ ನಾವು ಕಟ್ಟೆಯ ಹಿಂದೆ ಅಡಗಿ ಕೂತು ನೋಡುತ್ತಿದ್ದೆವು. ಮನೆಗೆ ಬಂದ ಮೇಲೆ ಕಣ್ಣಿನಲ್ಲಿ ಮರಳು ಸುರಿದಂತೆ ಉರಿ. ಅವ್ವ ಆಲೂಗಡ್ಡೆ ಹೆಚ್ಚಿ ಬಿಲ್ಲೆಗಳನ್ನು ನಮ್ಮ ರೆಪ್ಪೆಗಳ ಮೇಲೆ ಇಟ್ಟು, ಬಾಯಿ ತುಂಬ ಬೈದು, "ಇನ್ನೊಮ್ಮಿ ಹೋಗ್ತೀರೇನು?" ಎಂದು ಕೇಳುತ್ತಿದ್ದಳು. ನಾನು ಅಳುತ್ತ "ಇಲ್ಲವ್ವಾ" ಎನ್ನುತ್ತಿದ್ದೆ. ಭೀಮು ತನ್ನ ಕಣ್ಣಿನ ಬಿಲ್ಲೆ ತೆಗೆದು ತಿಂದು, "ಹೂಂ, ಹೋಗ್ತೀನಿ" ಎನ್ನುತ್ತಿದ್ದ.

ಇಬ್ಬರಲ್ಲಿ ಬೆಂಕಿಗೆ ಹೆದರಿದವನು ನಾನು. ಆದರೆ ಹೊಟ್ಟೆಪಾಡಿಗೆ ವೆಲ್ಡಿಂಗ್ ಕಲಿಸುವ ಮಾಸ್ತರನಾದವನೂ ನಾನೇ. ಸುರಪುರದ ಒಂದು ತರಬೇತಿ ಕೇಂದ್ರದಲ್ಲಿ ಇಷ್ಟು ವರ್ಷದಿಂದ ಹುಡುಗರಿಗೆ ಪಾಠ ಹೇಳುತ್ತಿದ್ದೇನೆ. ಕಪ್ಪು ಹಲಗೆಯ ಮೇಲೆ ನನ್ನ ಬೆಸುಗೆ ಬಲು ಚಂದ. ಕೈಯಲ್ಲಿ ಬೆಸುಗೆ ಕಡ್ಡಿಯ ಹೋಲ್ಡರ್ ಹಿಡಿದರೆ ಮಾತ್ರ ಕಬ್ಬಿಣದ ಮೇಲೆ ಕೋಳಿ ಓಡಾಡಿ ಹೋದಂತೆ ಕಾಣುತ್ತದೆ. ಹುಡುಗರು ನಗುತ್ತಾರೆ. ನಾನೂ ಅವರ ಜೊತೆ ನಕ್ಕು ಕಡ್ಡಿಯ ಮೇಲೆ ತಪ್ಪು ಹೊರಿಸಿ, ಮತ್ತೆ ಹಲಗೆಯ ಕಡೆ ತಿರುಗುತ್ತೇನೆ.

ಭೀಮು ಶಾಲೆ ಬಿಟ್ಟು ಶಹಾಪುರದಲ್ಲಿ ಗಾಡಿ ಹೊಡೆಯಲು ನಿಂತ. ಟೆಂಪೊ ಹೊಡೆದ, ಜೀಪು ಹೊಡೆದ. ಒಂದು ದಿನ ಹೈದರಾಬಾದಿಗೆ ಹೋದವನು ಯಾರೋ ಹೊಡೆದು ಬಿಟ್ಟ ಕೆಂಪು ಸ್ಪೋರ್ಟ್ಸ್ ಕಾರು ತಂದು ಓಣಿಯಲ್ಲಿ ನಿಲ್ಲಿಸಿದ. ಎರಡೇ ಬಾಗಿಲು. ನೆಲಕ್ಕೆ ಅಂಟಿದಂತೆ ಕೂತ ಗಾಡಿ. ಅವ್ವ ಅದರ ಸುತ್ತ ಒಂದು ಸುತ್ತು ಬಂದು, "ಇದರಾಗ ಹತ್ತಂಗಿಲ್ಲ ಬಿಡು, ಬಾವಿಗಿ ಇಳದಂಗ ಇಳೀಬೇಕು" ಅಂದಳು. ಆದರೂ ಸೆರಗು ಸುತ್ತಿಕೊಂಡು ಇಳಿದಳು. ಊರೆಲ್ಲ ಒಂದು ಸುತ್ತು ಹಾಕಿ ಬಂದ ಮೇಲೆ ಮೇಲೇಳಲಾಗದೆ, ನಾವಿಬ್ಬರೂ ಕೈಹಿಡಿದು ಎಳೆಯಬೇಕಾಯಿತು.

ಅಂಥ ಗಾಡಿಗೆ ನಮ್ಮ ಕಡೆ ಏನು ಕೆಲಸ ಎಂದು ಕೇಳಬಹುದು. ಮದುವೆ. ಈಗ ಮದುಮಗ ಕುದುರೆ ಕೇಳುವುದಿಲ್ಲ, ಕೆಂಪು ಕಾರು ಕೇಳುತ್ತಾನೆ. ಮುಂದೆ ಬ್ಯಾಂಡು, ಹಿಂದೆ ಹೂವಿನ ಜಾಲರಿ ಹಾಕಿದ ಕಾರು, ಡಿಕ್ಕಿಯ ಮೇಲೆ ಮದುಮಗನ ಗೆಳೆಯರು ನಾಲ್ಕೈದು ಜನ. ಭೀಮು ಎಲ್ಲ ಕಡೆಗೂ ಹೋಗುತ್ತಿದ್ದ. ನಮ್ಮ ಓಣಿಯ ಹುಡುಗರ ಮದುವೆಗೆ ಹೋದರೆ ಮಾತ್ರ ಬಾಡಿಗೆಯ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅಪ್ಪನ ಮದುವೆಯ ಮೆರವಣಿಗೆ ಊರ ಅಗಸಿ ಬಾಗಿಲೊಳಗೆ ಬರುವಂತಿರಲಿಲ್ಲ. ಹೊಲದ ದಾರಿಯಲ್ಲಿ ಸುತ್ತು ಹೊಡೆದು ಬಂದು ನಮ್ಮ ಓಣಿ ಸೇರಿತ್ತು. ಭೀಮು ಅದೇ ಅಗಸಿಯೊಳಗಿಂದ ನಮ್ಮ ಮದುಮಕ್ಕಳನ್ನು ಕರೆದೊಯ್ಯುವಾಗ ಬೇಕಂತಲೇ ನಿಧಾನ ಹೋಗುತ್ತಿದ್ದ. ಬೇರೆಲ್ಲೂ ಅವನು ನಿಧಾನ ಹೋದದ್ದನ್ನು ನಾನು ಕಂಡಿಲ್ಲ.

ಆ ನಾಲ್ಕೈದು ಜನರ ಭಾರಕ್ಕೋ, ಹಳ್ಳಿಗೊಂದರಂತೆ ಜನ ತಾವೇ ಕಟ್ಟಿಕೊಂಡ ಹಂಪುಗಳಿಗೋ, ಕಾರಿನ ಹಿಂಭಾಗದ ಒಂದು ಸರಳು ಮುರಿಯಿತು. ನಮ್ಮಲ್ಲಿ ಅದಕ್ಕೆ ಬ್ಯಾಲೆನ್ಸ್ ರಾಡ್ ಅನ್ನುತ್ತಾರೆ. ಹಿಂದಿನ ಎರಡು ಗಾಲಿಗಳ ನಡುವೆ ಅಡ್ಡಲಾಗಿ ಹಾಯ್ದು ಎರಡೂ ತುದಿ ಬಾಗಿರುವ ಉಕ್ಕಿನ ಸರಳು. ತಿರುವಿನಲ್ಲಿ ಗಾಡಿ ಒಂದು ಮಗ್ಗುಲಿಗೆ ವಾಲಲು ಹೋದಾಗ ತಾನು ತಿರುಚಿಕೊಂಡು ಅದನ್ನು ಹಿಡಿಯುವುದು ಅದರ ಕೆಲಸ. ಇಡೀ ಆಯುಷ್ಯ ತಿರುಚಿಕೊಳ್ಳುವುದೇ ಕೆಲಸವಾದ್ದರಿಂದ ಅದು ಟ್ರಾಲಿಯ ಕಬ್ಬಿಣದಂಥದಲ್ಲ, ಸ್ಪ್ರಿಂಗಿನ ಜಾತಿಯದು. ಭೀಮೂಗೆ ಅಷ್ಟೆಲ್ಲ ಬೇಕಿರಲಿಲ್ಲ. ಮರುದಿನ ಒಂದು ಮದುವೆಯ ಬಾಡಿಗೆ ಇತ್ತು. ನನಗೆ ಫೋನು ಮಾಡಲಿಲ್ಲ. ಎರಡು ತುಂಡು ಬಗಲಲ್ಲಿ ಹಿಡಿದು ಮೌಲಾಲಿಯ ಅಂಗಡಿಗೆ ಹೋದ.

ಮೌಲಾಲಿ ಭೀಮೂನ ಶಾಲೆಯ ಗೆಳೆಯ. ದೋರನಹಳ್ಳಿ ರಸ್ತೆಯಲ್ಲಿ ಅವನ ಅಂಗಡಿ, ಹಿಂದೆಯೇ ಮನೆ. ಅವನು ಬೆಸೆದ ಟ್ರಾಲಿಗಳು ನಮ್ಮ ತಾಲ್ಲೂಕಿನ ಎಲ್ಲ ದಾರಿಗಳಲ್ಲೂ ಓಡಾಡುತ್ತಿವೆ. ನನ್ನನ್ನು ಅಣ್ಣ ಎಂದೇ ಕರೆಯುತ್ತಾನೆ, ನಮ್ಮ ಅವ್ವನ ಕೈಯ ರೊಟ್ಟಿ ನನಗಿಂತ ಹೆಚ್ಚು ತಿಂದವನು.

ಬೆಸೆದ ಸರಳು ಒಂದು ತಿಂಗಳ ಮೇಲೆ ಬಾಳಿತು. ಆಮೇಲೆ ಸೈದಾಪುರದಲ್ಲಿ ಒಂದು ಮದುವೆ ಮುಗಿಸಿಕೊಂಡು ಒಬ್ಬನೇ ವಾಪಸು ಬರುತ್ತಿದ್ದ ಭೀಮು, ಕಾಲುವೆಯ ಪಕ್ಕದ ತಿರುವಿನಲ್ಲಿ ಕಾರಿನ ಸಮೇತ ಜಾಲಿ ಗಿಡಗಳೊಳಗೆ ಉರುಳಿಬಿದ್ದು ಅಲ್ಲೇ ತೀರಿಕೊಂಡ. ನಡುಮಧ್ಯಾಹ್ನ, ಖಾಲಿ ರಸ್ತೆ. ಕಾರಿನ ಹೂವು ಇನ್ನೂ ಬಾಡಿರಲಿಲ್ಲ. ಪೊಲೀಸರು ನೋಡಿ, ಹಿಂದಿನ ಟೈರು ಸೀಳಿದೆ, ಜೋರಾಗಿ ಬಂದಿರಬೇಕು ಅಂದರು. ಟೈರು ಯಾಕೆ ಸೀಳಿತು ಎಂದು ಯಾರೂ ಕೇಳಲಿಲ್ಲ. ಅವ್ವ ಅದರ ಹಿಂದಿನ ವರ್ಷವೇ ಹೋಗಿದ್ದಳು. ಅಷ್ಟು ಪುಣ್ಯ.

ಮಣ್ಣು ಮಾಡಿ ಬಂದು ನಾನು ಶಹಾಪುರದ ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆ. ಎದುರಿಗೆ ಬುದ್ಧ ಮಲಗಿದಂತೆ ಕಾಣುವ ಗುಡ್ಡ. ಮೌಲಾಲಿ ಬಂದು ಕಟ್ಟೆ ಹತ್ತದೆ ನೆಲದ ಮೇಲೆ ಕೂತ.

"ಅಣ್ಣಾ, ಆ ಗಾಡಿ ಹಿಂದಿನ ರಾಡಿಗಿ ನಾ ವೆಲ್ಡಿಂಗ್ ಹಾಕಿದ್ದೆ."

ನನಗೆ ಗೊತ್ತಾದದ್ದೇ ಆಗ.

"ಹೊಸಾದು ತರಸು ಅಂದಿದ್ನಿ. ಟ್ರಾಲಿ ಎಬ್ಬಸಾಂವ ನೀ, ಈ ಕಡ್ಡಿಗಿ ಹೆದರ್ತೀಯೇನಲೇ ಅಂದ. ಹಾಕಿಕೊಟ್ಟೆ. ಅದು ಬಿಟ್ಟಿತ್ತಂದ್ರ ಅಣ್ಣಾ, ನಾನೇ ಅವನ್ನ ತಿಂದಂಗ."

"ಟೈರ್ ಸೀಳ್ಯಾದ ಅಂತಾರಲ್ಲೋ" ಅಂದೆ. ಅವನು ತಲೆ ಅಲ್ಲಾಡಿಸಿ ಎದ್ದು ಹೋದ.

ಅಂದಿನಿಂದ ಮೌಲಾಲಿ ಗಾಡಿಗಳ ಕೆಲಸ ಬಿಟ್ಟ. ಗೇಟು, ಕಿಟಕಿಯ ಗ್ರಿಲ್ಲು ಇಷ್ಟೇ. ಟ್ರಾಲಿ ತಂದವರನ್ನೂ ಬೇರೆ ಅಂಗಡಿಗೆ ಕಳಿಸುತ್ತಿದ್ದ. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಭೀಮೂನ ಹೆಸರನ್ನಂತೂ ನನ್ನೆದುರು ಎತ್ತುತ್ತಲೇ ಇರಲಿಲ್ಲ. ಪೊಲೀಸ್ ಠಾಣೆಯ ಅಂಗಳದಿಂದ ಕಾರು ಬಿಡಿಸಿ ತಂದು ನಮ್ಮ ಮನೆಯ ಪಕ್ಕ ತಾಡಪತ್ರಿ ಹೊದಿಸಿ ನಿಲ್ಲಿಸಿದ್ದೆವು. ಗಾಳಿ ಇಳಿದ ಟೈರುಗಳ ಮೇಲೆ ಹೊಟ್ಟೆ ನೆಲಕ್ಕೆ ಹಚ್ಚಿ ಕೂತಿತ್ತು. ಅದರ ಕೆಳಗೆ ಬಗ್ಗಿ ನೋಡುವ ಧೈರ್ಯ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಕೊನೆಗೆ ಮಾತು ಎತ್ತಿದವಳು ಭೀಮೂನ ಹೆಂಡತಿ ಸುಜಾತಾ. "ಭಾವಾರ, ಅದು ಅಲ್ಲಿ ನಿಂತದ್ದು ನೋಡಾಕ ಆಗವಲ್ದು ನನಗ. ಸರಿ ಮಾಡಸ್ರಿ. ಎಲ್ಲಿಗರ ಓಡಿ ಹೋಗ್ಲಿ" ಅಂದಳು. ಕಲಬುರಗಿಯ ಒಬ್ಬರು ಕಾರನ್ನು ಖರೀದಿಸಿ ಒಯ್ಯಲು ಒಪ್ಪಿದರು. ಅವರ ಕಡೆಯ ಮೇಸ್ತ್ರಿ ಬಂದು ಬ್ಯಾಟರಿ ಹಚ್ಚಿ ಕೆಳಗೆ ನೋಡಿ, ಹಿಂದಿನ ರಾಡ್ ಮುರಿದಿದೆ, ಹೊಸದು ಹಾಕಿಸಿಡಿ ಎಂದು ಹೇಳಿ ಹೋದ. ಎಲ್ಲಿ ಮುರಿದಿದೆ ಎಂದು ನಾನು ಕೇಳಲಿಲ್ಲ. ಹೈದರಾಬಾದಿನಿಂದ ಹೊಸ ಸರಳು ತರಿಸಿದೆ. ಈ ಸುದ್ದಿ ಮೌಲಾಲಿಗೆ ಹೇಗೆ ಮುಟ್ಟಿತೋ, ಅಂಗಡಿ ಬಿಟ್ಟು ಓಡಿ ಬಂದ.

"ಅಣ್ಣಾ, ಅದನ್ನ ಬ್ಯಾರೇದವರ ಕೈಲಿ ಬಿಚ್ಚಿಸಬ್ಯಾಡ್ರಿ. ನಾ ಬಿಚ್ಚತೀನಿ. ನನ್ನ ವೆಲ್ಡಿಂಗ್‌ನಾಗ ಮುರದದೋ ಮತ್ತೆಲ್ಲೆರ ಮುರದದೋ, ನನ್ನ ಕಣ್ಣಿಲೆ ನಾ ನೋಡಬೇಕು."

ಒಂದು ಭಾನುವಾರ ಬೆಳಿಗ್ಗೆ ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಅವನ ಅಂಗಡಿಗೆ ಎಳೆದು ತಂದೆವು. ಹಿಂದಿನ ಗಾಲಿಗಳನ್ನು ಬಿಚ್ಚಿ, ಜಾಕ್ ಕೊಟ್ಟು ಎತ್ತಿ, ಅಡಿಯಲ್ಲಿ ದಪ್ಪ ದಿಮ್ಮಿಗಳನ್ನಿಟ್ಟೆವು. ಮೌಲಾಲಿ ಗೋಣಿಚೀಲ ಹಾಸಿಕೊಂಡು ಅಂಗಾತ ಒಳಗೆ ಜಾರಿದ. ನಟ್ಟುಗಳೆಲ್ಲ ತುಕ್ಕು ಹಿಡಿದು ಕೂತಿದ್ದವು. ಡೀಸೆಲ್ ಬಿಟ್ಟು ಕಾಯ್ದೆವು, ಸುತ್ತಿಗೆಯಿಂದ ಬಡಿದೆವು, ಮತ್ತೆ ಕಾಯ್ದೆವು. ನನ್ನ ಪಾಲಿನ ಕೆಲಸ ಹೊರಗೆ ಕೂತು ನಟ್ಟು ಬಿಚ್ಚುವ ಪಾನಾ ಕೊಡುವುದು. ಅವನು ಹದಿನಾಲ್ಕರದು ಕೇಳಿದರೆ ನಾನು ಹದಿನೇಳರದು ಕೊಟ್ಟೆ, ಎರಡು ಸಲ. ಬೇರೆ ದಿನವಾಗಿದ್ದರೆ ಮೌಲಾಲಿ, "ಮಾಸ್ತರ್ರಿಗಿ ಪಾನಾ ಓದಾಕ ಬರಂಗಿಲ್ಲ" ಎಂದು ಊರಿಗೆಲ್ಲ ಹೇಳುತ್ತಿದ್ದ. ಅಂದು ತಪ್ಪಿದ ಪಾನಾ ಸುಮ್ಮನೆ ಹೊರಗೆ ಸರಿಸಿದ.

ಎರಡೂ ತುದಿಗಳ ಕೊಂಡಿಗಳು ಬಿಚ್ಚಿಕೊಂಡವು. ಸರಳನ್ನು ಗಾಡಿಯ ಮೈಗೆ ಹಿಡಿದಿಟ್ಟ ರಬ್ಬರಿನ ಪಟ್ಟಿಗಳೂ ಕಳಚಿದವು. ಒಂದು ತುಂಡು ಧಡ್ ಎಂದು ನೆಲಕ್ಕೆ ಬಿತ್ತು, ಇನ್ನೊಂದನ್ನು ಅವನೇ ಎಳೆದ. ಹೊರಗೆ ಬಂದು ಕೂತು ತುಂಡುಗಳನ್ನು ತೊಡೆಯ ಮೇಲಿಟ್ಟುಕೊಂಡ. ಕಣ್ಣು ಮುಚ್ಚಿಕೊಂಡಿದ್ದ. ಉದ್ದ ತುಂಡಿನ ಮೇಲೆ ಅವನ ಹೆಬ್ಬೆರಳು ಮೆಲ್ಲಗೆ ಸರಿಯುತ್ತ ಹೋಗಿ ಒಂದು ಗಂಟಿನ ಹತ್ತಿರ ನಿಂತಿತು. ಅವನ ಬೆಸುಗೆ. ಸುತ್ತಲೂ ಒಂದೇ ಸಮ ಕಟ್ಟಿದ್ದ ಗಂಟು, ಇಡಿಯಾಗಿ ಇತ್ತು. ಸರಳು ಮುರಿದದ್ದು ಅದರಾಚೆ, ಎರಡು ಬೆರಳು ದೂರದಲ್ಲಿ.

"ಬಿಟ್ಟಿಲ್ಲ!" ಅಂದ. ಕಣ್ಣು ತೆರೆದು ಮತ್ತೆ ನೋಡಿದ. "ಅಣ್ಣಾ, ನನ್ನ ವೆಲ್ಡಿಂಗ್ ಬಿಟ್ಟಿಲ್ಲ! ನೋಡ್ರಿ, ನೋಡ್ರಿ ಇಲ್ಲಿ!" ಮನೆಯ ಕಡೆ ತಿರುಗಿ ಹೆಂಡತಿಗೂ ಅದನ್ನೇ ಕೂಗಿದ, "ಅಜೀ, ಮೇರಾ ಜೋಡ್ ನೈ ಟೂಟ್ಯಾ!" ಆಮೇಲೆ ಆ ತುಂಡನ್ನು ಎದೆಗೆ ಒತ್ತಿಕೊಂಡು, ಅಷ್ಟು ದೊಡ್ಡ ಗಂಡಸು, ಗೊಳೋ ಎಂದು ಅತ್ತ.

ನಾನು ಇನ್ನೊಂದು ತುಂಡು ಕೈಗೆತ್ತಿಕೊಂಡಿದ್ದೆ.

ಪ್ರತಿ ವರ್ಷ ನಾನು ಹಲಗೆಯ ಮೇಲೆ ಒಂದು ಚಿತ್ರ ಬರೆಯುತ್ತೇನೆ. ನಡುವೆ ಬೆಸುಗೆ, ಅದರ ಎರಡೂ ಬದಿಗೆ ಒಂದೊಂದು ಪಟ್ಟಿ. ಬೆಸುಗೆ ಕರಗಿ ಕೂಡಿಕೊಂಡ ಜಾಗ. ಆ ಪಟ್ಟಿಗಳು ಕರಗಿದ್ದಲ್ಲ, ಬರೀ ಕಾದು ಆರಿದ ಜಾಗ. ಸಾದಾ ಕಬ್ಬಿಣವಾದರೆ ಇದರಿಂದ ಏನೂ ಆಗುವುದಿಲ್ಲ. ಸ್ಪ್ರಿಂಗಿನ ಉಕ್ಕು ಹಾಗಲ್ಲ. ಕಾದು ಆರಿದಲ್ಲಿ ಅದರ ಹದ ಕೆಟ್ಟು ಪೆಡಸಾಗುತ್ತದೆ, ತಿರುಚಿದಷ್ಟು ಸಲ ಒಳಗೊಳಗೆ ಬಿರಿಯುತ್ತ ಹೋಗುತ್ತದೆ. ಹೀಗೆ ಮುರಿದದ್ದಕ್ಕೆ ಬೆಸುಗೆಯೇ ಕಾರಣ, ಆದರೆ ಬೆಸುಗೆ ನೋಡಲು ಇಡಿಯಾಗಿಯೇ ಇರುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಕೊಟ್ಟರೆ ಅರ್ಧ ಹುಡುಗರು ತಪ್ಪು ಬರೆಯುತ್ತಾರೆ.

ನನ್ನ ಕೈಯಲ್ಲಿದ್ದ ತುಂಡಿನ ಮುರಿದ ಮುಖದಲ್ಲಿ ಅರ್ಧ ಭಾಗ ನುಣುಪು, ಅರ್ಧ ಭಾಗ ಹರಳು ಹರಳು. ನುಣುಪಾದದ್ದು ದಿನವೂ ಇಷ್ಟಿಷ್ಟೇ ಬಿರಿದದ್ದು, ಹರಳಾದದ್ದು ಒಂದೇ ಏಟಿಗೆ ಹೋದದ್ದು. ತುದಿಗೆ ಟೈರಿನ ರಬ್ಬರು ಕಪ್ಪಗೆ ಮೆತ್ತಿತ್ತು. ಮುರಿದ ಕೊನೆ ಗಾಲಿಯ ಕಡೆ ತಿರುಗಿ ಟೈರು ಸೀಳಿದೆ. ಕಾಲುವೆಯ ತಿರುವಿನಲ್ಲಿ ನನ್ನ ತಮ್ಮನಿಗೆ ಏನಾಯಿತೆಂಬುದು ಅಷ್ಟೂ ನನ್ನ ಅಂಗೈಯಲ್ಲಿತ್ತು.

"ಗಟ್ಟಿ ಇತ್ತಲ್ಲಣ್ಣಾ? ಖರೇ ಹೇಳ್ರಿ. ನಿಮಗ ಎಲ್ಲಾ ಗೊತ್ತದ."

"ಗಟ್ಟಿ ಇತ್ತು" ಅಂದೆ.

ಸುಳ್ಳಲ್ಲ. ಬೆಸುಗೆ ಗಟ್ಟಿಯೇ ಇತ್ತು. ಇನ್ನೇನು ಹೇಳಲಿ? ಹೇಳಿದರೆ ಭೀಮು ಎದ್ದು ಬರುತ್ತಾನೆಯೇ? ಇವನೊಬ್ಬನಾದರೂ ಬದುಕಲಿ ಎಂದುಕೊಂಡೆ. ತಮ್ಮನನ್ನು ಕಳೆದುಕೊಂಡ ಸಂಕಟದಲ್ಲಿ ಇವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಅಳು ನೋಡಿದವರಿಗೆ ಯಾರಿಗೂ ಬರುತ್ತಿರಲಿಲ್ಲ. ಸುಜಾತಾಳಿಗೂ ಹೇಳುವುದು ಬೇಡ, ಇದು ನನ್ನಲ್ಲೇ ಉಳಿಯಲಿ ಎಂದು ಅಲ್ಲೇ ನಿಶ್ಚಯ ಮಾಡಿದೆ.

ಒಳಗಿನಿಂದ ಚಹಾ ಬಂತು, ಮೆಣಸಿನಕಾಯಿ ಭಜಿ ಬಂತು. ಮೌಲಾಲಿ ತಿಂದ. ಹೊಸ ಸರಳು ಹಿಡಿದು ಒಳಗೆ ಜಾರಿ, ಕೆಲಸ ಮಾಡುತ್ತಲೇ ಮಾತಾಡತೊಡಗಿದ. ಭೀಮು ಹಾಗೆ ಮಾಡಿದ್ದ, ಭೀಮು ಹೀಗೆ ಅಂದಿದ್ದ. ಶಾಲೆಯ ಗಂಟೆ ಕದ್ದು ತಂದು ಇಬ್ಬರೂ ಮಾವಿನ ಗಿಡಕ್ಕೆ ಕಟ್ಟಿದ್ದು, ಎಮ್ಮೆಗೆ ಹಾರ್ನ್ ಕೇಳಿಸಿ ಒದೆಸಿಕೊಂಡದ್ದು. ಕಾರಿನ ಅಡಿಯಿಂದ ನಗು ಕೇಳುತ್ತಿತ್ತು. ಅಷ್ಟು ದಿನ ಕಟ್ಟಿಟ್ಟದ್ದೆಲ್ಲ ಒಮ್ಮೆಲೇ ಬಿಟ್ಟುಕೊಂಡಿತ್ತು. ನಾನೂ ನಕ್ಕೆ. ನಗುವಾಗಲೂ ಆ ತುಂಡಿನ ಕಡೆ ನೋಡದಂತೆ ಬೆನ್ನು ತಿರುಗಿಸಿ ಕೂತಿದ್ದೆ.

ರಬ್ಬರು ಕೂರಿಸಿ, ನಟ್ಟು ಸಡಿಲಾಗಿ ಹಿಡಿಸಿ ಹೊರಗೆ ಬಂದವನು ಕೈ ಒರೆಸಿಕೊಂಡು ಫೋನು ತೆಗೆದ.

"ಸಾಬಣ್ಣಾ, ಹೋದ ವಾರ ನಿನ್ನ ಸಾಲಿ ವ್ಯಾನಿನ ರಾಡ್ ತಂದಿದ್ಯಲ್ಲ, ನಾ ಒಲ್ಲೆ ಅಂದಿದ್ನಿ. ಈಗ ತಗೊಂಡು ಬಾ. ಹೂಂ, ಈಗೇ. ಹಾಕಿಕೊಡ್ತೀನಿ. ನನ್ನ ವೆಲ್ಡಿಂಗ್ ಮುರಿಯಂಗಿಲ್ಲೋ, ಇವತ್ತ ಗೊತ್ತಾತು!"

"ಎಂಥಾ ರಾಡೋ?" ಎಂದು ಕೇಳಿದೆ.

"ಇಂಥಾದೇ ಅಣ್ಣಾ. ಸಣ್ಣ ಮಕ್ಕಳ ವ್ಯಾನು. ನಾಳಿಗಿ ಸಾಲಿ ಅದಲ್ಲ, ಪಾಪ, ಅವನೂ ಎಲ್ಲೆಲ್ಲೋ ಅಲದಾನ."

ಸಾಬಣ್ಣ ಬೈಕಿನಲ್ಲಿ ಬರುವ ತನಕ ನಾನು ಏನೇನು ಯೋಚಿಸಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಸಾಬಣ್ಣನನ್ನೇ ಬದಿಗೆ ಕರೆದು ಹೇಳಿಬಿಡಲೇ? ಹೇಗೋ ಈ ವ್ಯಾನು ತಪ್ಪಿಸಬಹುದು. ನಾಳೆ ಇನ್ನೊಂದು ಬರುತ್ತದೆ, ಆಮೇಲೆ ಜೀಪು, ಆಮೇಲೆ ಟಂಟಂ ಆಟೊ. ಇವನು ಇನ್ನು ಯಾರಿಗೂ ಇಲ್ಲ ಅನ್ನುವುದಿಲ್ಲ. ಗಟ್ಟಿ ಇತ್ತು ಎಂದು ಹೇಳಿದವನು ನಾನು.

ಸಾಬಣ್ಣ ಎರಡು ತುಂಡುಗಳನ್ನು ತಂದು ನೆಲಕ್ಕಿಟ್ಟ. ಮೌಲಾಲಿ ತುದಿಗಳನ್ನು ಉಜ್ಜಿ ಜೋಡಿಸಿಟ್ಟು, ಹೋಲ್ಡರಿಗೆ ಕಡ್ಡಿ ಸಿಕ್ಕಿಸಿ, ಕಪ್ಪು ಕನ್ನಡಿಯ ಮುಸುಕು ಮುಖಕ್ಕೆ ಹಿಡಿದ.

"ಮೌಲಾ, ನಿಲ್ಲು" ಅಂದೆ. "ಹಾಕಬ್ಯಾಡ."

ಮುಸುಕು ಇಳಿಯಿತು.

"ವೆಲ್ಡಿಂಗ್ ಬಿಡಂಗಿಲ್ಲೋ ತಮ್ಮಾ. ಅದರ ಬಾಜೂಕ ಮುರೀತದ. ಈ ಜಾತಿ ಉಕ್ಕಿಗಿ ಬೆಂಕಿ ತಾಗಿದ್ರ ಬಾಜೂಕಿಂದು ಸತ್ತು ಹೋಗ್ತದ."

ಅವನು ನನ್ನನ್ನು ನೋಡಿದ. ಮೂಲೆಯಲ್ಲಿ ಬಿದ್ದ ಹಳೆಯ ತುಂಡುಗಳನ್ನು ನೋಡಿದ. ಎದ್ದು ಹೋಗಿ ಎರಡನ್ನೂ ಎತ್ತಿ, ಮುರಿದಲ್ಲಿ ಒಂದಕ್ಕೊಂದು ಕೂಡಿಸಿ, ಬೆಸುಗೆಯಿಂದ ಅಲ್ಲಿಯವರೆಗಿನ ಜಾಗವನ್ನು ಎರಡು ಬೆರಳಿಟ್ಟು ಅಳೆದ.

"ಹಂಗಾರ ಭೀಮೂಂದು?"

"ಹೂಂ."

"ನಿಮಗ ಬಿಚ್ಚಿದ ಕೂಡ್ಲೇ ಗೊತ್ತಾಗಿತ್ತು."

"ಹೂಂ."

ಅವನು ಬೈಯಲಿಲ್ಲ, ಅಳಲಿಲ್ಲ. ವೆಲ್ಡಿಂಗ್ ಮಷೀನಿನ ಸ್ವಿಚ್ ಆಫ್ ಮಾಡಿದ. ವ್ಯಾನಿನ ತುಂಡುಗಳನ್ನು ಸಾಬಣ್ಣನ ಕೈಗೆ ಕೊಟ್ಟು, "ಹೊಸಾದು ತರಸು. ಯಾರ ಕಡಿಂದೂ ವೆಲ್ಡಿಂಗ್ ಹಾಕಿಸಬ್ಯಾಡ" ಅಂದ. "ನಾಳಿಗಿ ಮಕ್ಕಳನ್ನ ಹೆಂಗ ಒಯ್ಯಲಿ?" ಎಂದು ಸಾಬಣ್ಣ ಕೇಳಿದ. "ನಡಕೋತ ಹೋಗ್ಲಿ" ಅಂದ ಮೌಲಾಲಿ. ಸಾಬಣ್ಣ ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡಿ ಹೊರಟುಹೋದ.

ಕಾರಿನ ಕೆಲಸ ಇನ್ನೂ ಉಳಿದಿತ್ತು. ಸರಳಿನ ನಟ್ಟುಗಳನ್ನು ಪೂರ್ತಿ ಬಿಗಿಯುವುದು ಗಾಡಿಯ ಭಾರ ಗಾಲಿಗಳ ಮೇಲೆ ಬಿದ್ದ ನಂತರವೇ. ಗಾಲಿ ಹಾಕಿ, ದಿಮ್ಮಿ ಸರಿಸಿ, ಜಾಕ್ ಇಳಿಸಿದೆವು. ಹಿಂದಿನ ಗಾಲಿಗಳ ಕೆಳಗೆ ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಇಟ್ಟಿದ್ದರಿಂದ ಅವನಿಗೆ ಒಳಗೆ ಜಾರುವಷ್ಟು ಜಾಗವಿತ್ತು. ಒಂದೊಂದೇ ನಟ್ಟು ಬಿಗಿದ. ಈ ಸಲ ಕಾರಿನ ಅಡಿಯಿಂದ ಪಾನಾದ ಕಿರುಗುಟ್ಟುವಿಕೆ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಹೊರಗೆ ಬಂದವನು ಪಾನಾ ನನ್ನ ಕಡೆ ಚಾಚಿದ.

"ಅಣ್ಣಾ, ನೀವೊಮ್ಮಿ ಬಿಗದು ನೋಡ್ರಿ. ನನ್ನ ಕೈ ಮ್ಯಾಲ ಬಿಡಬ್ಯಾಡ್ರಿ."

ನಾನು ಆ ಗೋಣಿಚೀಲದ ಮೇಲೆ ಅಂಗಾತ ಮಲಗಿ ಒಳಗೆ ಸರಿದೆ. ಪ್ರತಿಯೊಂದು ನಟ್ಟಿಗೂ ಪಾನಾ ಹಾಕಿ ನನ್ನ ಬಲವನ್ನೆಲ್ಲ ಬಿಟ್ಟು ಎಳೆದೆ. ಒಂದೂ ಕೂದಲೆಳೆಯಷ್ಟು ತಿರುಗಲಿಲ್ಲ. ಹೊರಗೆ ಅವನ ಎರಡು ಕಾಲುಗಳು ಕಾಣುತ್ತಿದ್ದವು, ನಾನು ಏನು ಹೇಳುತ್ತೇನೋ ಎಂದು ಕಾಯುತ್ತ ನಿಂತಿದ್ದವು. ಗಟ್ಟಿ ಅದ ಎಂಬ ಒಂದು ಮಾತು ಹೇಳಬೇಕಿತ್ತು. ಆ ಮಾತನ್ನು ನನ್ನ ಬಾಯಿಂದ ಕೇಳಿದರೆ ಅವನು ಇನ್ನು ನಂಬುವುದಿಲ್ಲವೆಂದು ಗೊತ್ತಿದ್ದುದರಿಂದ, ಬಹಳ ಹೊತ್ತು ಕಾರಿನ ಅಡಿಯಲ್ಲೇ ಮಲಗಿದ್ದೆ.